ದೋಷಕ್ಕನ ತಂಗಿಯ ಪರವಾಗಿ ಪ್ಲೂಟೋ ಕ್ಷಮಿಸಿದ್ದು

1

ಈ ಕಥೆಯನ್ನು ಎಲ್ಲಿ ಹಿಡಿದು ಎತ್ತಬೇಕೋ ತಿಳಿಯುತ್ತಿಲ್ಲ. ಒಲೆಯ ಮೇಲಿನ ಪಾತ್ರೆ ಕಾದಿದೆ, ಇಕ್ಕಳ ಸಿಗುತ್ತಿಲ್ಲ. ಬಾಹ್ಯಾಕಾಶದಿಂದ ಶುರುಮಾಡಿದರೆ ನೀವು ರಾಕೆಟ್ ಹಾರಲಿ ಎಂದು ಕಾಯುತ್ತೀರಿ. ಇಲ್ಲಿ ಹಾರುವುದು ಒಂದು ಕನ್ನಡಕದ ಗಾಜು ಮಾತ್ರ, ಅದೂ ಗೋಡೆಗೆ. ತಂಗಿಯಿಂದ ಶುರುಮಾಡಿದರೆ ಮೊದಲ ಪುಟಕ್ಕೇ ಕಣ್ಣೊರೆಸಿಕೊಳ್ಳುತ್ತೀರಿ. ಈ ಕಥೆ ಕೇಳುತ್ತಿರುವುದು ಕಣ್ಣೀರನ್ನಲ್ಲ.

ಈವರೆಗೆ ಹರಿದು ಹಾಕಿದ ಆರಂಭಗಳು: "ನಕ್ಷತ್ರಗಳು ಮೌನವಾಗಿದ್ದವು." (ಅವು ಯಾವತ್ತು ವಟಗುಟ್ಟಿದ್ದವು?) "ಅವಳಿಗೆ ವೈಜ್ಞಾನಿಕ ಕಥೆಗಳೆಂದರೆ ಪಂಚಪ್ರಾಣ." (ಇದು ಶಾಲೆಯ ಪ್ರಬಂಧ. ಹತ್ತಕ್ಕೆ ಆರು ಅಂಕ.) ಮೂರನೆಯದನ್ನು ಬರೆಯುತ್ತಿದ್ದಾಗ ಅವಳೇ ಹಾಳೆಯೊಳಗಿನಿಂದ ಕೂಗಿದಳು:

"ರೀ ಬರೆಯೋರೇ, ಊರೆಲ್ಲಾ ಸುತ್ತಿ ಯಾಕ್ರೀ ಬರ್ತೀರಾ? ಅವನು ನನ್ನ ತಂಗಿ ಮಾತು ಕದ್ದ. ಅಷ್ಟು ಬರೀರಿ. ಆಮೇಲೆ ನಿಮ್ಮ ನಕ್ಷತ್ರ, ನಿಮ್ಮ ಮೌನ."

1 (ಅವಳು ಹೇಳಿದ ಹಾಗೆ)

ಅವನು ಅವಳ ತಂಗಿಯ ಮಾತು ಕದ್ದ.

ಅವಳು ಅಂದರೆ ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ದುಂಡಗೆ ಬಂದ ಗಾಜನ್ನು ಫ್ರೇಮಿನ ಆಕಾರಕ್ಕೆ ಉಜ್ಜುವವಳು. ತಿರುಗುವ ಕಲ್ಲಿನ ಮೇಲೆ ಸಣ್ಣಗೆ ನೀರು ಬೀಳುತ್ತಿರುತ್ತದೆ. ಅವಳು ಗಾಜಿನ ಅಂಚನ್ನು ಅದಕ್ಕೆ ಒತ್ತಿ, ತಿರುಗಿಸಿ, ಫ್ರೇಮಿಗೆ ಹಿಡಿದು ನೋಡಿ, ಮತ್ತೆ ಒತ್ತುತ್ತಾಳೆ. ಕಲ್ಲು ಕೂದಲೆಳೆಯಷ್ಟು ಹೆಚ್ಚು ತಿಂದರೆ ಗಾಜು ಫ್ರೇಮಿನಲ್ಲಿ ಗಲಗಲ ಅನ್ನುತ್ತದೆ. ತಿಂದದ್ದನ್ನು ವಾಪಸು ಹಚ್ಚುವ ಯಂತ್ರ ಇನ್ನೂ ಬಂದಿಲ್ಲ. ಕೆಲಸ ಮುಗಿಸಿ ಮನೆಗೆ ಬಂದಮೇಲೆ ಬ್ಲಾಗ್ ಬರೆಯುತ್ತಾಳೆ. ಬ್ಲಾಗಿನ ಹೆಸರು 'ದೃಷ್ಟಿದೋಷ'. ಅಲ್ಲಿನ ಗೆಳೆಯರ ಬಾಯಲ್ಲಿ ಅವಳು ದೋಷಕ್ಕ.

ಅವನು ಅಂದರೆ ಪ್ಲೂಟೋ. ಅದೂ ಬ್ಲಾಗಿನ ಹೆಸರೇ. ಗ್ರಹಗಳ ಸಾಲಿನಿಂದ ಎಬ್ಬಿಸಿ ಕಳಿಸಿಕೊಂಡವನ ಸಂಕಟ ತನಗೆ ಗೊತ್ತು ಅನ್ನುತ್ತಾನೆ. ಹೊಟ್ಟೆಪಾಡಿಗೆ ವಿಮಾ ಕಚೇರಿಯಲ್ಲಿ ಕೆಲಸ. ಅಪಘಾತವಾದವರ ಹೇಳಿಕೆ ಕೇಳಿ ಬರೆದುಕೊಳ್ಳುವುದು. (ಪ್ರಿಯ ಓದುಗರೇ, ಇದನ್ನು ನಾನು ಸಾಂಕೇತಿಕವಾಗಿ ಹೇಳುತ್ತಿಲ್ಲ. ನಿಜವಾಗಿ ಅದೇ ಅವನ ಕೆಲಸ.)

2

ಇವರದೊಂದು ಗುಂಪು. ವೈಜ್ಞಾನಿಕ ಸಿನಿಮಾ, ಪುಸ್ತಕಗಳ ಹುಚ್ಚು ಹಿಡಿದ ಏಳೆಂಟು ಬ್ಲಾಗರುಗಳು. ಒಬ್ಬರ ಮುಖ ಒಬ್ಬರು ಕಂಡಿಲ್ಲ, ಒಬ್ಬರು ಹೇಳಿದ್ದನ್ನು ಒಬ್ಬರು ನೋಡದೆ ಬಿಟ್ಟಿಲ್ಲ. ಎಲ್ಲ ರೋಬಾಟುಗಳೂ ಒಂದೇ ದಿನ ರಜೆ ಕೇಳುವ ಸಿನಿಮಾ ಅವಳಿಗೆ ಸಿಕ್ಕಿದ್ದು ಹೀಗೆ. ಹೊಸ ಗ್ರಹ ತಲುಪುವಷ್ಟರಲ್ಲಿ ಹಡಗಿನವರಿಗೆ ಇಳಿಯುವುದೇ ಮರೆತುಹೋಗಿರುವ ದಪ್ಪ ಕಾದಂಬರಿಯೂ ಹೀಗೇ. ಆ ಕಾದಂಬರಿಯನ್ನು ಅವಳು ಬಸ್ಸಿನಲ್ಲಿ ಓದುತ್ತಾ ತನ್ನ ಸ್ಟಾಪಿನಲ್ಲಿ ಇಳಿಯುವುದನ್ನೇ ಮರೆತಳು. ಅದನ್ನು ಬರೆದಾಗ 'ಏಲಿಯನ್ ಮಾವ' ಎಂಬಾತ "ಇದಕ್ಕಿಂತ ಒಳ್ಳೆ ವಿಮರ್ಶೆ ಇಲ್ಲ" ಎಂದು ಕಾಮೆಂಟು ಹಾಕಿದ್ದ.

ಗುಂಪಿನಲ್ಲಿ ಒಂದು ನಿಯಮವಿದೆ. ಸಿನಿಮಾವಾಗಲಿ ಪುಸ್ತಕವಾಗಲಿ, ಅರ್ಧಕ್ಕೆ ನಿಲ್ಲಿಸಬೇಕು. ನಿಲ್ಲಿಸಿ, ಕೊನೆ ಏನಾಗಬಹುದು ಎಂಬ ಊಹೆಯನ್ನು ಬ್ಲಾಗಿನಲ್ಲಿ ಬರೆಯಬೇಕು. ಬರೆದಮೇಲೆಯೇ ಉಳಿದರ್ಧ. ಊಹೆ ತಪ್ಪಾದಷ್ಟೂ ಮರ್ಯಾದೆ ಹೆಚ್ಚು. ಸರಿಯಾಗಿ ಊಹಿಸಿದವರನ್ನು "ಮೊದಲೇ ನೋಡಿದ್ಯಲ್ಲಾ, ಕಳ್ಳ" ಎಂದು ರೇಗಿಸುತ್ತಾರೆ. ದೋಷಕ್ಕನ ಊಹೆ ಒಂದೂ ಸರಿಯಾದದ್ದಿಲ್ಲ. ಹಾಗಾಗಿ ಗುಂಪಿನಲ್ಲಿ ಅವಳೇ ರಾಣಿ.

ಒಂದು ಸಲ ಪ್ಲೂಟೋ ಒಂದು ಸಿನಿಮಾ ಹೇಳಿದ. ದೂರದ ಉಪಗ್ರಹವೊಂದರ ಠಾಣೆಯಲ್ಲಿ ಒಬ್ಬಳೇ ಹೆಂಗಸು. ದಿನಾ ಗಾಳಿಯ ವೇಗ ಅಳೆದು ಭೂಮಿಗೆ ವರದಿ ಕಳಿಸುವುದು ಅವಳ ಕೆಲಸ. ರೇಡಿಯೋ ಕೆಟ್ಟಿದೆ, ಅವಳು ಬಿಚ್ಚಿ ಕೂತಿದ್ದಾಳೆ. ದೋಷಕ್ಕ ಅಲ್ಲಿಗೆ ನಿಲ್ಲಿಸಿ ತನ್ನ ಊಹೆ ಬರೆದಳು: ರೇಡಿಯೋ ಸರಿಹೋಗುತ್ತದೆ. ಮೊದಲು ಕೇಳಿಬರುವುದು ಅವಳ ತಂಗಿಯ ದನಿ. "ನನಗೆ ವರದಿ ಕೊಡೋರು ಬೇಕಿರ್ಲಿಲ್ಲ, ಅಕ್ಕ ಬೇಕಿತ್ತು." ಅಷ್ಟೇ. ದನಿ ನಿಲ್ಲುತ್ತದೆ. ಆ ಹೆಂಗಸು ರೇಡಿಯೋದ ಮುಚ್ಚಳ ಹಾಕಿ, ಮತ್ತೆ ಗಾಳಿಯ ವೇಗ ಅಳೆಯಲು ಹೊರಡುತ್ತಾಳೆ.

(ಸಿನಿಮಾದ ನಿಜವಾದ ಕೊನೆಯಲ್ಲಿ ಠಾಣೆ ಸ್ಫೋಟಗೊಳ್ಳುತ್ತದೆ. ಅದು ಇಲ್ಲಿ ಯಾರಿಗೂ ಬೇಕಾಗಿಲ್ಲ.)

4

ಮೂರನೆಯ ಭಾಗವನ್ನು ಕಿತ್ತಿದ್ದೇನೆ. ಅದರಲ್ಲಿ ಅಕ್ಕ ತಂಗಿಯರ ಬಾಲ್ಯವಿತ್ತು, ಒಂದೇ ಹೊದಿಕೆಯಿತ್ತು. ಅವಳು ಓದಿ ಮುಖ ಸಿಂಡರಿಸಿದಳು. "ನಮ್ಮಿಬ್ಬರಿಗೂ ಬೇರೆಬೇರೆ ಹೊದಿಕೆ ಇತ್ತು. ಅವಳು ಒದೀತಿದ್ದಳು."

ನಡೆದದ್ದು ಇಷ್ಟು. ತಂಗಿಗೆ ಚಿಕ್ಕಂದಿನಿಂದ ಮೂರ್ಛೆಯ ಕಾಯಿಲೆ. ಮದುವೆ ಗೊತ್ತಾಗಿತ್ತು. ಹುಡುಗನಿಗೆ ಈ ವಿಷಯ ತಿಳಿದಿರಲಿಲ್ಲ. "ನಾನೇ ಹೇಳ್ತೀನಿ, ನೀನು ಮಧ್ಯೆ ಬರ್ಬೇಡ" ಅಂದಿದ್ದಳು ತಂಗಿ. ಒಂದು ಮಧ್ಯಾಹ್ನ ಆ ಹುಡುಗ ಕನ್ನಡಕದ ಕಾಲು ಮುರಿದುಕೊಂಡು ಇವಳ ಅಂಗಡಿಗೇ ಬಂದ. ಇವಳು ತಿರುಪು ಬಿಗಿಯುತ್ತಾ ಹೇಳಿಬಿಟ್ಟಳು. ಮುಚ್ಚಿಟ್ಟು ಮದುವೆ ಮಾಡಿದರೆ ನಾಳೆ ತಂಗಿಯ ಬಾಳೇ ಹಾಳಾಗುತ್ತದೆ ಅನ್ನುವುದು ಅವಳ ಲೆಕ್ಕ. ಹುಡುಗ ಕನ್ನಡಕ ಹಾಕಿಕೊಂಡು ಹೋದವನು ತಿರುಗಿ ನೋಡಲಿಲ್ಲ.

ತಂಗಿ ಬಟ್ಟೆ ತುಂಬಿಕೊಂಡು ಬೇರೆ ಊರಿಗೆ ಹೊರಟಾಗ ಕೂಗಾಡಲಿಲ್ಲ. "ನನಗೆ ಸತ್ಯ ಹೇಳೋರು ಬೇಕಿರ್ಲಿಲ್ಲ, ಅಕ್ಕ ಬೇಕಿತ್ತು" ಅಂದಳು. ಆಮೇಲೆ ಫೋನು ಎತ್ತಲಿಲ್ಲ. ವರ್ಷಗಳು ಕಳೆದವು.

"ತಪ್ಪು ಮಾಡಿದೆ ಅಂತ ಈಗ ಅನ್ನಿಸುತ್ತಾ?" ಎಂದು ನಾನು ಕೇಳಿದೆ. ಪಾತ್ರಗಳಿಗೆ ಪಶ್ಚಾತ್ತಾಪವಿದ್ದರೆ ಕಥೆಗೆ ತೂಕ ಬರುತ್ತದೆ ಎಂದು ಸಂಜೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು.

"ಇಲ್ಲ. ಅವಳ ಸಿಟ್ಟು ತಪ್ಪು ಅಂತಾನೂ ಅನ್ಸಲ್ಲ. ಎರಡನ್ನೂ ಬರ್ಕೊಳ್ಳಿ. ಒಂದನ್ನ ಅಳಿಸಿದ್ರೆ ನಿಮ್ಮ ಕಥೇಲಿ ನಾನಿರಲ್ಲ."

ಆ ಊಹೆಯ ಸಾಲು ಎಲ್ಲಿಂದ ಬಂತೆಂದು ಗುಂಪಿನಲ್ಲಿ ಗೊತ್ತಿದ್ದದ್ದು ಪ್ಲೂಟೋಗೆ ಮಾತ್ರ. ಅವನೇ ಖಾಸಗಿಯಾಗಿ ಬರೆದು ಕೇಳಿದ್ದ: "ದೋಷಕ್ಕಾ, ಇದು ಊಹೆ ಥರ ಇಲ್ಲ. ಏನಾಯ್ತು?" ಅಷ್ಟು ಮೆತ್ತಗೆ ಅವಳನ್ನು ಯಾರೂ ಕೇಳಿರಲಿಲ್ಲ. ಹೇಳಿಕೊಂಡಳು.

5

ಈಗ ಪುಸ್ತಕ. ಅಂಗಡಿಯ ವಿಳಾಸಕ್ಕೆ ಅಂಚೆಯಲ್ಲಿ ಬಂತು. ಪ್ಲೂಟೋನ ಮೊದಲ ಕಾದಂಬರಿ, ನುಣುಪಾದ ಮುಖಪುಟ, ಮೇಲೆ ಒಂದು ಉಪಗ್ರಹ, ಒಂದು ಠಾಣೆ. ಅವಳು ಹಿಗ್ಗಿ ಹೀರೇಕಾಯಾದಳು. ಚಿತ್ರ ತೆಗೆದು ಬ್ಲಾಗಿಗೆ ಹಾಕಿದಳು, ಮಾಲೀಕರಿಗೂ ತೋರಿಸಿದಳು. ವಯಸ್ಸಾದ ಮಾಲೀಕರು ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು, "ಅಕ್ಷರ ಸಣ್ಣದಿದೆ, ನಮಗೆ ಗಿರಾಕಿ ಬರ್ತಾರೆ ಬಿಡು" ಎಂದು ಹರಸಿದರು.

ಊಟದ ಬಿಡುವಿನಲ್ಲಿ ಓದಿದಳು. ನಿಯಮದಂತೆ ಅರ್ಧಕ್ಕೆ ನಿಲ್ಲಿಸಬೇಕಿತ್ತು. ಅರ್ಧದಲ್ಲಿ, ಆ ಸಿನಿಮಾದಲ್ಲಿದ್ದಂತೆಯೇ, ಠಾಣೆಯ ಹೆಂಗಸು ರೇಡಿಯೋ ಬಿಚ್ಚುತ್ತಿದ್ದಳು. ದೋಷಕ್ಕ ಜೀವನದಲ್ಲಿ ಮೊದಲ ಸಲ ನಿಯಮ ಮುರಿದು ಕೊನೆಯ ಪುಟಕ್ಕೆ ಹೋದಳು.

"ನನಗೆ ವರದಿ ಕೊಡೋರು ಬೇಕಿರ್ಲಿಲ್ಲ, ಅಕ್ಕ ಬೇಕಿತ್ತು" ಎಂದಿತು ರೇಡಿಯೋ. ಅದೇ ಸಾಲು, ಅದೇ ಅಲ್ಪವಿರಾಮ. ಅದರ ಕೆಳಗೆ ಪ್ಲೂಟೋ ಸೇರಿಸಿದ್ದು: "ಆದರೂ ಕ್ಷಮಿಸಿದ್ದೀನಿ ಅಕ್ಕಾ. ಮನೆಗೆ ಬಾ."

ಅವಳು ಪುಸ್ತಕ ಮುಚ್ಚಿ ಕೆಲಸಕ್ಕೆ ಕೂತಳು. ಕಲ್ಲು ತಿರುಗಿತು, ನೀರು ಬಿತ್ತು. ಯಾರದೋ ಎಡಗಣ್ಣಿನ ಗಾಜನ್ನು ಒತ್ತಿದಳು, ಒತ್ತಿದಳು, ಒತ್ತುತ್ತಲೇ ಇದ್ದಳು. ಫ್ರೇಮಿಗೆ ಹಿಡಿದರೆ ಅದು ಅಂಗಿಯ ಗುಂಡಿಯಷ್ಟಾಗಿತ್ತು. ಗೋಡೆಗೆ ಎಸೆದಳು.

"ಏನಮ್ಮಾ ಅದು?" ಮಾಲೀಕರು ಮುಂದಿನಿಂದ ಕೂಗಿದರು.

"ಎಡಗಣ್ಣು ಸಾರ್."

"ಬಲಗಣ್ಣಾದ್ರೂ ಉಳಿಸು ತಾಯಿ."

6

ಪ್ಲೂಟೋಗೆ ಅವಳು ಅವತ್ತೇ ಸಂಜೆ ಫೋನು ಮಾಡಿದಳು. ಅವನ ದನಿ ಕೇಳಿದ್ದು ಅದೇ ಮೊದಲು. ಸಿಹಿ ದನಿ, ಹಾಳಾದ್ದು.

"ಓದಿದ್ರಾ ದೋಷಕ್ಕಾ? ನಿಮ್ಮನ್ನ ನೆನೆಸ್ಕೊಂಡೇ ಬರೆದದ್ದು!"

"ನನ್ನ ತಂಗಿ ಮಾತು ಅದು."

"ಊಹೆ ಅಂತ ಬ್ಲಾಗಲ್ಲಿ ಎಲ್ಲರೆದುರು ಇಟ್ಟಿದ್ರಲ್ಲ. ಊಹೆಗೆಲ್ಲಾ ಯಾರು ದೊಣ್ಣೆನಾಯಕ್ರು ಹೇಳಿ? ಅಲ್ದೆ ನಾನು ಒಳ್ಳೇದೇ ಮಾಡಿದ್ದು. ನಿಮ್ಮ ಎಂಡಿಂಗ್ ತುಂಬಾ ಡಾರ್ಕ್ ಇತ್ತು. ಓದೋರಿಗೆ ಸ್ವಲ್ಪ ಹೋಪ್ ಬೇಡ್ವಾ?"

"ಅವಳು ಕ್ಷಮಿಸಿಲ್ಲ ಕಣ್ರೀ."

"ಕಥೇಲಿ ಕ್ಷಮಿಸಿದಾಳಲ್ಲ."

"ಅವಳ ಬಾಯಿ ಅದು! ಅದರೊಳಗೆ ಕೈ ಹಾಕಿ ಮಾತು ತೆಗೆಯೋಕೆ ನೀವ್ಯಾರು? ಕ್ಷಮಿಸ್ತಾಳೋ ಬಿಡ್ತಾಳೋ, ಸಾಯೋವರೆಗೂ ಮಾತಾಡ್ಸಲ್ವೋ, ಅದು ಅವಳ ಹತ್ರ ಇರೋ ಒಂದೇ ಆಸ್ತಿ. ಅದನ್ನೂ ದಾನ ಮಾಡಿದ್ರಲ್ರೀ, ಪುಣ್ಯಾತ್ಮರೇ! ನಿಮ್ಮಪ್ಪನ ಮನೆ ಗಂಟಾ?"

ಅವನು "ನೀವೀಗ ಎಮೋಷನಲ್ ಆಗಿದೀರಿ" ಅಂದ. (ಅಪಘಾತವಾದವರಿಗೂ ಹೀಗೇ ಹೇಳುತ್ತಾನೇನೋ.)

ಗುಂಪಿನವರಿಗೆ ವಿಷಯ ತಿಳಿಯಿತು. 'ಉಲ್ಕೆ' ಎಂಬ ಹೆಸರಿನ ಮೇಡಂ, "ದೊಡ್ಡ ಮನಸ್ಸು ಮಾಡಿ ದೋಷಕ್ಕಾ, ಒಳ್ಳೆ ಹುಡುಗ" ಎಂದು ಬರೆದರು. ಏಲಿಯನ್ ಮಾವ, "ನಮ್ಮ ಗುಂಪಿಂದ ಒಂದು ಪುಸ್ತಕ ಬಂತಲ್ಲ, ಹೆಮ್ಮೆಪಡಿ" ಅಂದ. ಅವಳು ಎರಡನ್ನೂ ಓದಿ ಎದ್ದಳು. ಕಪಾಟಿನ ಮುಂದೆ ನಿಂತಳು. ಪ್ಲೂಟೋ ಹೇಳಿ ಕೊಂಡುಕೊಂಡ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕುವುದೆಂದು ಒಂದೊಂದಾಗಿ ತೆಗೆದಳು. ಅರ್ಧ ಕಪಾಟು ಖಾಲಿಯಾಯಿತು. ಇಳಿಯುವುದನ್ನು ಮರೆತ ಹಡಗಿನವರ ಕಾದಂಬರಿ ಕೈಗೆ ಬಂದಾಗ ನಿಂತಳು.

"ಇದನ್ನ ಓದಿ ಅಂದವನೂ ಇವನೇ. ಕೆಟ್ಟ ಪುಸ್ತಕ ಹೇಳಿದ್ದಿದ್ರೆ ನನ್ನ ಸಿಟ್ಟು ಸಲೀಸಾಗಿರ್ತಿತ್ತು. ನನ್ನ ತಲೆಯೊಳಗಿರೋ ಆಕಾಶದಲ್ಲಿ ಮುಕ್ಕಾಲು ಪಾಲು ಇವನು ತೋರಿಸಿದ್ದು. ಈಗ ಅಲ್ಲಿ ಎಲ್ಲಿ ನೋಡಿದ್ರೂ ಇವನ ಮುಖ. ಏನ್ ಮಾಡ್ಲಿ? ಹೇಳ್ರೀ ಬರೆಯೋರೇ, ದೊಡ್ಡದಾಗಿ ಬರೀತಾ ಕೂತಿದೀರಲ್ಲ."

ಅವಳು ಪುಸ್ತಕಗಳನ್ನು ಮತ್ತೆ ಜೋಡಿಸಿದಳು, ಬೆನ್ನು ಗೋಡೆಯ ಕಡೆಗಿಟ್ಟು. ಹೆಸರು ಕಾಣದ ಹಾಗೆ.

7

ಮುಗಿಸಬೇಕು. ಕೆಲವು ಕೊನೆಗಳನ್ನು ಅವಳ ಮುಂದಿಟ್ಟೆ.

ಅ) ಪ್ಲೂಟೋ ಎಲ್ಲರೆದುರು ಕ್ಷಮೆ ಕೇಳುತ್ತಾನೆ. ("ಕೇಳೋನಲ್ಲ. ಕೇಳಿದ್ರೂ ಅದನ್ನೊಂದು ಪೋಸ್ಟ್ ಮಾಡಿ ಲೈಕ್ ಎಣಿಸ್ತಾನೆ.")

ಆ) ಅವಳು ಬ್ಲಾಗ್ ಅಳಿಸಿಹಾಕುತ್ತಾಳೆ. ("ಕಳ್ಳ ಬಂದ ಅಂತ ಮನೆ ನಾನು ಸುಡ್ಲಾ?")

ಇ) ಅವಳು ತಾನೇ ಕಾದಂಬರಿ ಬರೆದು ಗೆಲ್ಲುತ್ತಾಳೆ. (ನಕ್ಕಳು. ಅವಳು ನಕ್ಕದ್ದು ಈ ಕಥೆಯಲ್ಲಿ ಇದೊಂದೇ ಸಲ.)

ಈ) ತಂಗಿ ಆ ಪುಸ್ತಕ ಓದಿ, ಕಣ್ತುಂಬಿ, ಫೋನು ಮಾಡಿ...

"ಮುಚ್ರೀ ಬಾಯಿ," ಅಂದಳು. "ನೀವೂ ಅವನ ಥರಾನೇ. ಅವನು ಕದ್ದು ಬರೆದ, ನೀವು ಕರುಣೆಯಿಂದ ಬರೀತೀರಿ. ಇಬ್ಬರಿಗೂ ಬೇಕಾದ್ದು ನನ್ನ ತಂಗಿ ಬಾಯಿಂದ ಅದೊಂದೇ ಮಾತು."

'ಈ'ಯನ್ನು ಹೊಡೆದುಹಾಕಿದೆ. ಅಷ್ಟರಲ್ಲಿ ಫೋನು ಬಂತು. (ನನ್ನಾಣೆ ನಾನು ಬರೆದದ್ದಲ್ಲ.)

8

ಅಂಗಡಿಯ ಹಿಂದಿನ ಕೋಣೆ, ಹಗಲು. ಕೈ ಒದ್ದೆಯಾಗಿದ್ದರಿಂದ ಅವಳು ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದಳು.

"ನಾನು ಯಾವಾಗ ಕ್ಷಮಿಸಿದೆ?" ಎಂದಿತು ಫೋನು.

ಕಲ್ಲು ಸುಮ್ಮನೆ ತಿರುಗುತ್ತಿತ್ತು. ಅವಳು ಅದನ್ನು ಆರಿಸಿದಳು.

"ನಿನ್ನೇ ಕೇಳ್ತಿರೋದು. ನಾನು ಯಾವಾಗ ಕ್ಷಮಿಸಿದೆ? ಯಾರಿಗೆ ಹೇಳಿದೆ?"

"ನೀನು... ಆ ಪುಸ್ತಕ ಎಲ್ಲಿ ಸಿಕ್ತು ನಿನಗೆ?"

"ನಿನ್ನ ಬ್ಲಾಗಲ್ಲಿ ಅದರ ಚಿತ್ರ ಹಾಕಿ ಕುಣಿದಾಡಿದ್ಯಲ್ಲ, ಗೆಳೆಯನ ಪುಸ್ತಕ ಬಂತು ಅಂತ. ತರಿಸ್ಕೊಂಡೆ."

"ನೀನು ನನ್ನ ಬ್ಲಾಗ್ ಓದ್ತೀಯಾ?"

"ಮೊದಲಿಂದ್ಲೂ. ರೋಬಾಟಿನ ಸಿನಿಮಾನೂ ನೋಡಿದೆ. ಮಾತು ತಿರುಗಿಸ್ಬೇಡ. ನಿನ್ನ ಊಹೇಲಿ ನಾನು ಕ್ಷಮಿಸಿರ್ಲಿಲ್ಲ. ಅದನ್ನ ಓದಿದಾಗ, ಪರವಾಗಿಲ್ಲ, ಇವಳಿಗೆ ನೆನಪಿದೆ ಅಂದ್ಕೊಂಡೆ. ಈಗ ಇದೇನು? ನೀನೇ ಹೇಳಿ ಬರೆಸಿದ್ಯಾ?"

"ಇಲ್ಲ ಕಣೇ! ನನ್ನನ್ನ ಕೇಳಿದ್ನಾ ಅವನು? ನಾನು ಅವನಿಗೆ ಗ್ರಹಚಾರ ಬಿಡಿಸಿ..."

"ಅವನಿಗೆ ನಮ್ಮನೆ ವಿಷಯ ಹೇಳಿದ್ಯಾರು?"

ಅವಳು ಕಲ್ಲಿನ ಮೇಲೆ ಬೀಳುತ್ತಿದ್ದ ನೀರನ್ನು ನಿಲ್ಲಿಸಿದಳು.

"ಹೇಳಿದ್ಯಲ್ವಾ? ಮತ್ತೆ ಹೇಳಿದ್ಯಲ್ವಾ? ಯಾರು ಮೆತ್ತಗೆ ಕೇಳಿದ್ರೂ ಹೇಳಿಬಿಡೋದಾ ನೀನು?"

"ನೀನು ಆ ಹುಡುಗನಿಗೆ ಯಾವಾಗ ಹೇಳ್ತಿದ್ದೆ, ಹೇಳು. ಮದುವೆ ಆಗಿ, ಮಕ್ಕಳಾದ್ಮೇಲಾ?"

"ಮಾರನೇ ದಿನ! ಮಾರನೇ ದಿನ ಹೇಳೋಳಿದ್ದೆ ಕಣೇ! ಎಲ್ಲಾ ಮಾತೂ ಜೋಡಿಸಿಟ್ಕೊಂಡಿದ್ದೆ!"

ಓದುಗರೇ, ಇಲ್ಲಿ ನಾನು ಬಾಯಿ ಹಾಕಿದೆ. ಈ ಫೋನು ಬಂದದ್ದು ಪ್ಲೂಟೋನ ದೆಸೆಯಿಂದಲೇ ಅಲ್ಲವೇ, ಒಂದು ಲೆಕ್ಕದಲ್ಲಿ ಅವನು ಮಾಡಿದ್ದೂ ಒಳ್ಳೆಯದಕ್ಕೇ ಆಯಿತಲ್ಲವೇ ಎಂದು, ಬಹಳ ಸಣ್ಣ ಅಕ್ಷರದಲ್ಲಿ, ಆವರಣದಲ್ಲಿ ಬರೆಯಲು ಹೊರಟಿದ್ದೆ.

ಅವಳು ಒದ್ದೆ ಅಂಗೈಯಿಂದ ಫೋನು ಮುಚ್ಚಿದಳು. "ಬೆಂಕಿ ಬಿದ್ದಾಗ ಮಾತು ಬಿಟ್ಟಿದ್ದ ಪಕ್ಕದ ಮನೆಯೋರು ಮಾತಾಡ್ಸಿದ್ರು ಅಂತ, ಬೆಂಕಿ ಹಚ್ಚಿದೋನಿಗೆ ಹಾರ ಹಾಕ್ತಾರೇನ್ರೀ? ಹೊರಗೆ ನಡೀರಿ."

"ಕಥೆ ಇನ್ನೂ..."

"ನಡೀರಿ ಅಂದೆ. ಇದು ನಮ್ಮಿಬ್ಬರ ಜಗಳ."

ಬಾಗಿಲು ಹಾಕಿಕೊಂಡಳು.

8 (ಹೊರಗಿನಿಂದ)

ನಾನು ಅಂಗಡಿಯ ಮುಂಭಾಗದಲ್ಲಿ, ಖಾಲಿ ಫ್ರೇಮುಗಳ ನಡುವೆ ನಿಂತಿದ್ದೇನೆ. ಒಳಗೆ ಇಬ್ಬರೂ ಕೂಗಾಡುತ್ತಿದ್ದಾರೆ. ಮಾತು ಬಿಡಿಬಿಡಿಯಾಗಿ ಕೇಳುತ್ತಿಲ್ಲ. ಒಮ್ಮೆ ಅತ್ತ ಹಾಗಾಯಿತು, ಕೆಮ್ಮೂ ಇರಬಹುದು. ಊಹಿಸಲಾರೆ.

"ಯಾರಮ್ಮಾ ಅದು ಒಳಗೆ?" ಮಾಲೀಕರು ಕೇಳುತ್ತಾರೆ, ನನ್ನನ್ನು ಗಿರಾಕಿ ಎಂದುಕೊಂಡು.

"ಅಕ್ಕ ತಂಗಿ."

"ಬೇಗ ಮುಗಿಯುತ್ತಾ?"

ಒಳಗಿನಿಂದ ಒಂದು ದನಿ ಏರುತ್ತದೆ: "ಇರು, ನಾನಿನ್ನೂ ಹೇಳಿಲ್ಲ!" ಅಕ್ಕನದೋ ತಂಗಿಯದೋ ಗೊತ್ತಾಗುವುದಿಲ್ಲ. ಸಿಟ್ಟಿನಲ್ಲಿ ಇಬ್ಬರ ದನಿಯೂ ಒಂದೇ.

"ಇಲ್ಲ ಸಾರ್," ಅನ್ನುತ್ತೇನೆ. "ಇವತ್ತು ಮುಗಿಯೋ ಹಾಗಿಲ್ಲ."