ಲುಕ್ ಅಕ್ಕನ ಎರಡನೇ ಸೀಸೆ

ಲುಕ್ ಅಕ್ಕನ ರಕ್ತ ತೆಗೆಯಬೇಕೆಂದರೆ ಬೈಗುಳಕ್ಕೆ ಸಿದ್ಧವಾಗಿಯೇ ಹೋಗಬೇಕು. ಹಾಂಗ್‌ಕಾಂಗಿನ ನಮ್ಮ ಆಸ್ಪತ್ರೆಯಲ್ಲಿ ಅವಳು ಹದಿನೆಂಟು ವರ್ಷದಿಂದ ವಾರ್ಡು ಗುಡಿಸುತ್ತಿದ್ದಳು. ೨೦೦೩ರ ಆ ಮಾರ್ಚಿನಲ್ಲಿ ಹೆಸರಿಲ್ಲದ ಜ್ವರ ಬಂದು ಮೊದಲು ಮಲಗಿದವಳೂ ಅವಳೇ, ಮೊದಲು ಎದ್ದು ಕೂತವಳೂ ಅವಳೇ. ಆದರೆ ಅವಳಿಂದ ಗಂಡನಿಗೆ ಅಂಟಿತ್ತು. ಅವನು ಮೇಲಿನ ಮಹಡಿಯಲ್ಲಿ ಕೊಳವೆಯ ಮೂಲಕ ಉಸಿರಾಡುತ್ತಿದ್ದ.

“ಹಂದಿ ರಕ್ತದ ಗಂಜಿ ಬೇಕಿದ್ರೆ ಅಂಗಡಿಗೆ ಹೋಗು ತಂಗಿ, ನನ್ನನ್ಯಾಕೆ ಹೀರ್ತೀಯಾ?” ಎಂದು ತೋಳು ಹಿಂದಕ್ಕೆಳೆದುಕೊಂಡಳು. ಗೊಣಗುತ್ತಲೇ ಕೊಟ್ಟಳು.

ಪ್ರಯೋಗಾಲಯದಲ್ಲಿ ನಾನೊಂದು ವೈರಾಣು ಬೆಳೆಸಿದ್ದೆ. ಜ್ವರಕ್ಕೆ ಅದೇ ಕಾರಣವೋ, ಎಲ್ಲಿಂದಲೋ ಬಂದು ಸೇರಿಕೊಂಡದ್ದೋ ಗೊತ್ತಿರಲಿಲ್ಲ. ನಮ್ಮ ಮುಖ್ಯಸ್ಥ ಡಾಕ್ಟರ್ ಸೀತೋ ಅದು ಬರೀ ಕಲಬೆರಕೆ, ಎಸೆದುಬಿಡು ಎಂದಿದ್ದರು. ನನಗೆ ಮೈಯೆಲ್ಲ ಉರಿದಿತ್ತು.

ಆ ವೈರಾಣು ಹೊಕ್ಕ ಜೀವಕೋಶಗಳನ್ನು ಗಾಜಿನ ಮೇಲೆ ಹರಡಿ, ಲುಕ್ ಅಕ್ಕನ ಜ್ವರದ ಮೂರನೇ ದಿನ ತೆಗೆದಿಟ್ಟಿದ್ದ ರಕ್ತದ ತಿಳಿ ಹಾಕಿದೆ. ತೊಳೆದು, ರೋಗದೊಡನೆ ಹೋರಾಡಲು ರಕ್ತ ತಯಾರಿಸುವ ಪ್ರತಿಕಾಯ ಅಂಟಿದ್ದರೆ ಹಸಿರಾಗಿ ಹೊಳೆಯುವ ಬಣ್ಣ ಹಾಕಿದೆ. ಸೂಕ್ಷ್ಮದರ್ಶಕದಲ್ಲಿ ಬರೀ ಕತ್ತಲು. ಪಕ್ಕದಲ್ಲಿ ನಿಂತಿದ್ದ ಸೀತೋ ಬೇಕೆಂದೇ ಕೆಮ್ಮಿದರು.

ಎರಡನೇ ಸೀಸೆ ಇಪ್ಪತ್ತೆರಡನೇ ದಿನದ್ದು, ಅವಳು ಗೊಣಗುತ್ತ ಕೊಟ್ಟದ್ದು. ಅದನ್ನೂ ಹಾಗೆಯೇ ಹಾಕಿ ಕಣ್ಣಿಟ್ಟೆ. ಹಸಿರು! ಒಂದೊಂದು ಕೋಶವೂ ಹಸಿರು! ಸೀತೋ ಅವರನ್ನು ಕೂಗಿದೆ.

ಸೀಸೆ ಅದಲುಬದಲಾಗಿರಬೇಕು, ಇಲ್ಲವೇ ಯಾರ ರಕ್ತ ಹಾಕಿದರೂ ಹೊಳೆಯುತ್ತದೇನೋ ಎಂದರು ಸೀತೋ. ಸೀಸೆಗಳ ಮೇಲಿನ ಚೀಟಿ ತೋರಿಸಿದೆ. ಜ್ವರ ಬಾರದ ನನ್ನದೇ ರಕ್ತವನ್ನೂ ಹಾಕಿ ತೋರಿಸಿದೆ, ಕತ್ತಲು.

“ಅದಲುಬದಲಾಗಿಲ್ಲ ಸರ್. ಮೂರನೇ ದಿನ ಅವಳ ರಕ್ತಕ್ಕೆ ಇದರ ಗುರುತೇ ಇರ್ಲಿಲ್ಲ. ಜಗಳ ಆಡ್ತಾ ಆಡ್ತಾ ಕಲಿತಿದೆ. ಇದೇ ಆ ಜ್ವರ.”

ಅವರು ಮೂರು ಸಲ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತರು. ಕಣ್ಣು ಒದ್ದೆಯಾಗಿತ್ತು.

ನಿಲುವಂಗಿ, ಮುಖಗವಸು ಹಾಕಿಕೊಂಡು ವಾರ್ಡಿಗೆ ಓಡಿದೆ. ಒಬ್ಬರ ಕಾಲಿನ ಅಳತೆಗೆ ಹೊಲಿದ ಚಪ್ಪಲಿಯಂತೆ ಒಂದೊಂದು ಪ್ರತಿಕಾಯವೂ ಒಂದೇ ಶತ್ರುವಿಗೆ ಹೊಂದುತ್ತದೆ ಎಂದು ಲುಕ್ ಅಕ್ಕನಿಗೆ ಹೇಳಿದೆ. ಇಷ್ಟೆಲ್ಲ ಓದಿದ ನಮಗೆ ತಿಳಿಯದ್ದು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಅವಳ ರಕ್ತಕ್ಕೆ ತಿಳಿದಿತ್ತು. ನಾನು ಖುಷಿಯಿಂದ ಒದರುತ್ತಲೇ ಇದ್ದೆ. ಅವಳು ನಗಲಿಲ್ಲ.

“ನಮ್ಮ ಮುದುಕನ ರಕ್ತಕ್ಕೆ ಗೊತ್ತಾಯ್ತಾ?”

“ಇನ್ನೂ ಇಲ್ಲ ಅಕ್ಕ. ಕಲೀತಾ ಇದೆ.”

ಅವಳು ತಾನೇ ಅಂಗಿಯ ತೋಳು ಮಡಚಿ ಕೈ ಚಾಚಿದಳು.

“ಅವನು ಮೊದಲಿಂದ್ಲೂ ದಡ್ಡ. ಅವನು ಕಲಿಯೋ ತನಕ ಅವನಿಗೆ ನನ್ನದೇ ಹಾಕು.”