ಹೇಳಿಸಿದ ಮಾತು

ಕಪಿಲನನ್ನು ಮದುವೆಯಾಗುತ್ತೇನೆಂದು ಮಗಳು ರಾಧಿಕಾ ಹೇಳಿದ ದಿನ ಗುರುಲಿಂಗ ಕೂಗಾಡಲಿಲ್ಲ. ಹೆಂಡತಿ ಚಂದಮ್ಮ ಹಣೆ ಹಣೆ ಬಡಿದುಕೊಂಡಳು. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋಗಿ ಸಂಜೆಯವರೆಗೆ ಬಾಳೆಯ ನೆರಳಲ್ಲಿ ಕೂತು ಬಂದ. ಕಮಲಾಪುರದಲ್ಲಿ ಇನ್ನೂ ಕೆಂಪು ಬಾಳೆ ಬೆಳೆಯುವ ಮನೆಗಳಲ್ಲಿ ಅವನದೂ ಒಂದು. ಒಬ್ಬಳೇ ಮಗಳು, ಓದಿಸಿದ್ದ. ಅವಳು ದಿನಾ ಬಸ್ಸು ಹಿಡಿದು ಕಲಬುರಗಿಗೆ ಹೋಗಿ, ಖೂಬಾ ಪ್ಲಾಟಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು.

ಕಪಿಲ ತನ್ನ ತಾಯಿ ಸಾವಿತ್ರಿಬಾಯಿಯನ್ನು ಸಕ್ಕರೆ ಕಾಯಿಲೆಯ ತಪಾಸಣೆಗೆ ಅಲ್ಲಿಗೇ ಕರೆತರುತ್ತಿದ್ದ. ಕಪನೂರಿನಲ್ಲಿ ಅವನದೊಂದು ವೆಲ್ಡಿಂಗ್ ಶೆಡ್ ಇತ್ತು. ಬರಿಹೊಟ್ಟೆಯಲ್ಲಿ ಬರಬೇಕಾದ ಸಾವಿತ್ರಿಬಾಯಿ ಒಮ್ಮೆ ಚಹಾ ಕುಡಿದು ಬಂದು, ಕುಡಿದೇ ಇಲ್ಲವೆಂದು ವಾದಿಸಿದಳು. ರಾಧಿಕಾ ಮೆಲ್ಲಗೆ, "ಚಹಾದ ಜೋಡಿ ಬಿಸ್ಕಿಟೂ ತಿಂದೀರೇನ್ರೀ?" ಎಂದು ಕೇಳಿದಾಗ ತಾಯಿಗಿಂತ ಮೊದಲು ಮಗ ನಕ್ಕ. ಅವರಿಬ್ಬರ ನಡುವಿನದು ಶುರುವಾದದ್ದು ಆ ನಗುವಿನಿಂದ.

ಕಪಿಲನ ಅಜ್ಜ ಊರ ಹೊರಗಿನ ಕೇರಿಯಲ್ಲಿ ಹುಟ್ಟಿ ಬೌದ್ಧನಾದವನು. ಗುರುಲಿಂಗನಿಗೆ ಹುಡುಗನ ಮೇಲೆ ಹಗೆಯಿರಲಿಲ್ಲ. ಆದರೆ ಅಣ್ಣತಮ್ಮಂದಿರು, ಬೀಗರು ಏನೆಂದಾರು ಎಂಬ ಅಂಜಿಕೆ ಎದೆಯ ಮೇಲೆ ಕೂತಿತ್ತು. ಬೇಡ ಎಂದರೆ ಮಗಳು ಹೋಗುತ್ತಾಳೆ, ಹೂಂ ಎಂದರೆ ಬಳಗ ಹೋಗುತ್ತದೆ. ಒಂದು ವರ್ಷ ಮುಂದಕ್ಕೆ ಹಾಕಿದರೆ ಈ ಬಿಸಿ ತಾನಾಗಿಯೇ ಆರಬಹುದು ಎಂದುಕೊಂಡು, ಊರಲ್ಲಿ ಪಂಚಾಂಗ ನೋಡುವ ಅಯ್ಯನ ಮನೆಗೆ ಹೋದ. ಮುಂದಿನ ಯುಗಾದಿಯವರೆಗೆ ಲಗ್ನ ಕೂಡದೆಂದು ಹೇಳಬೇಕು ಎಂದು ಕೇಳಿಕೊಂಡ. ಕಾರಣ ಏನಂತ ಹೇಳಲಿ ಎಂದ ಅಯ್ಯ.

ಗುರುಲಿಂಗ ದನಿ ತಗ್ಗಿಸಿದ. "ಹುಡುಗನ ಜೀವಕ್ಕ ಕುತ್ತದ ಅಂತ ಹೇಳ್ರಿ. ಆಕಿ ಜೀವಕ್ಕ ಅಂದ್ರ ಆಕಿ ಅಂಜಂಗಿಲ್ಲ."

ಮರುದಿನ ಅಯ್ಯ ಮನೆಗೆ ಬಂದು, ಪಂಚಾಂಗ ಬಿಚ್ಚಿ ಹಾಗೆಯೇ ಹೇಳಿದ. ಅಲ್ಲಿಯವರೆಗೆ ಒಬ್ಬರ ಮುಖ ಒಬ್ಬರು ನೋಡಬಾರದೆಂದು ತನ್ನದೂ ಒಂದು ಮಾತು ಸೇರಿಸಿದ. ಚಂದಮ್ಮ ಕೈಮುಗಿದು ಕೇಳಿದಳು. ಗುರುಲಿಂಗ ಯುಗಾದಿ ಕಳೆದ ಮೇಲೆ ತಾನೇ ನಿಂತು ಮದುವೆ ಮಾಡಿಕೊಡುತ್ತೇನೆಂದು ಮಗಳಿಗೆ ಮಾತು ಕೊಟ್ಟ.

ಮರುದಿನ ಲ್ಯಾಬಿನ ಮುಂದೆ ನಿಂತು ರಾಧಿಕಾ ಇದನ್ನು ಹೇಳಿದಾಗ ಕಪಿಲ ನಕ್ಕುಬಿಟ್ಟ. ತನ್ನ ಮನೆಯಲ್ಲಿ ಯಾರೂ ಹಣೆಬರಹ ನಂಬಿ ಬದುಕಿದವರಲ್ಲ, ನಂಬಿದ್ದರೆ ಅಜ್ಜ ಕೇರಿಯಲ್ಲೇ ಸಾಯುತ್ತಿದ್ದ ಎಂದ. ಅವಳಿಗೂ ಗೊತ್ತಿತ್ತು. ಆದರೂ ಅವಳು ಅವನ ತೋಳು ಹಿಡಿದುಕೊಂಡಳು.

"ನಂದು ಏನರ ಆಗ್ಲಿ ಅಂತಿದ್ದೆ ಕಪಿಲ. ಅವ್ರು ನಿಂದು ಅಂದಾರ. ಒಂದ್ ವರ್ಷ ಅಷ್ಟೇ. ನನ್ನ ಸಲುವಾಗಿ."

ಅವನು ನಗು ನಿಲ್ಲಿಸಿ ಅವಳ ಮುಖ ನೋಡಿದ. ಆಗಲಿ ಎಂದ.

ರಾಧಿಕಾ ಕೆಲಸ ಬಿಟ್ಟು ಕಮಲಾಪುರದಲ್ಲೇ ಉಳಿದಳು. ಫೋನಿನಲ್ಲಿ ಮಾತಾಡುತ್ತಿದ್ದರು, ವಿಡಿಯೋ ಮಾಡಲು ಅವಳು ಒಪ್ಪುತ್ತಿರಲಿಲ್ಲ. ಕಪಿಲ ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಎರಡು ಕೋಣೆಯ ಮನೆ ಎಬ್ಬಿಸಿದ. ಅಡುಗೆಮನೆಯ ಕಟ್ಟೆ ಎಷ್ಟು ಎತ್ತರ ಇರಲಿ ಎಂದು ಕೇಳಿದ. ಅವಳು ತನ್ನ ಸೊಂಟದಿಂದ ನೆಲಕ್ಕೆ ಗೇಣು ಹಾಕಿ ಅಳೆದು ಹೇಳಿದಳು.

ದೀಪಾವಳಿಯ ಮುಂದೆ ಗುರುಲಿಂಗ ಬಾಳೆಗೊನೆ ಹಾಕಿಕೊಂಡು ಕಲಬುರಗಿಗೆ ಹೊರಟಿದ್ದ. ಕಪನೂರಿನ ಹತ್ತಿರ ಟೆಂಪೋದ ಹಿಂದಿನ ಬಾಗಿಲು ಕಿತ್ತು ಬಂತು. ಚಾಲಕ ಗಾಡಿ ತಂದು ನಿಲ್ಲಿಸಿದ್ದು ಕಪಿಲನ ಶೆಡ್ಡಿನ ಮುಂದೆ. ರಾಧಿಕಾ ತೋರಿಸಿದ್ದ ಫೋಟೋಗಳಿಂದ ಇಬ್ಬರಿಗೂ ಒಬ್ಬರಿಗೊಬ್ಬರ ಗುರುತು ಹತ್ತಿತು, ಆದರೆ ಕಪಿಲ ಮದುವೆಯ ಮಾತು ಎತ್ತಲಿಲ್ಲ. ಗೊನೆಗಳಿಗೆ ಕಿಡಿ ತಾಗದಂತೆ ಹಸಿ ಗೋಣಿ ಹೊದಿಸಿ ಬಾಗಿಲು ಬೆಸೆದ. ಅಷ್ಟರಲ್ಲಿ ಸಾವಿತ್ರಿಬಾಯಿ ಮಗನಿಗೆ ಬುತ್ತಿ ತಂದಳು. ಉಣ್ಣುತ್ತೀರಾ ಎಂದು ಕೇಳಿದಳು, ಒತ್ತಾಯ ಮಾಡಲಿಲ್ಲ. ಗುರುಲಿಂಗ ಒಂದು ಕ್ಷಣ ತಡೆದು, ಕೈ ತೊಳೆದುಕೊಂಡು ಕೂತ. ಜೋಳದ ರೊಟ್ಟಿ, ಪುಂಡಿಪಲ್ಯ. ತನ್ನ ಮನೆಯದಕ್ಕಿಂತ ಒಂದು ರೊಟ್ಟಿ ಹೆಚ್ಚೇ ಉಂಡ.

ಊರಿಗೆ ಮರಳುವಾಗ ಗುರುಲಿಂಗನ ಮನಸ್ಸು ಹಗುರಾಗಿತ್ತು. ಯುಗಾದಿ ಯಾಕೆ, ಈಗಲೇ ಮಾಡಿಕೊಟ್ಟರಾಯಿತು ಅನಿಸಿತು. ಆದರೆ ಮನೆಗೆ ಬಂದು ಚಂದಮ್ಮನ ಮುಂದೆ ಸುಮ್ಮನೆ ಮಾತು ತೆಗೆದಾಗ ಅವಳು ಹೌಹಾರಿದಳು. ಹುಡುಗನನ್ನು ಕೊಂದು ಮಗಳನ್ನು ವಿಧವೆ ಮಾಡುತ್ತೀಯಾ ಎಂದು ಕೇಳಿದಳು. ಅದು ಸುಳ್ಳು, ನಾನೇ ಹೇಳಿಸಿದ್ದು ಎನ್ನಲು ಗುರುಲಿಂಗನಿಗೆ ಬಾಯಿ ಬರಲಿಲ್ಲ. ಇನ್ನೇನು ನಾಲ್ಕೈದು ತಿಂಗಳು, ಕಳೆದುಹೋಗುತ್ತದೆ ಎಂದುಕೊಂಡ.

ಮಾಘದಲ್ಲಿ ರಾಧಿಕಾಗೆ ಡೆಂಗಿ ಜ್ವರ ಬಂತು. ಫೋನಿನಲ್ಲಿ ಅವಳ ದನಿ ಕೇಳಿದ ಕಪಿಲ ಅರ್ಧ ಕೆಲಸ ಬಿಟ್ಟು ಎದ್ದ. ಬರಬೇಡ ಎಂದು ಅವಳು ಹೇಳಿದಳು. ಹೇಳಿ, ಫೋನು ಇಡುವ ಮೊದಲು, "ಬಾಗಲಾಗ ನಿಂತು ನೋಡಿ ಹೋಗು" ಎಂದಳು. ಹೊತ್ತು ಮುಳುಗಿ ಕತ್ತಲಾಗುವ ವೇಳೆಗೆ ಅವನು ಬೈಕಿನಲ್ಲಿ ಕಮಲಾಪುರದ ದಾರಿಯ ಮಹಾಗಾಂವ್ ದಾಟಿದ್ದ. ರಸ್ತೆಯ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಹಿಂದೆ ಕೆಂಪು ದೀಪವಿರಲಿಲ್ಲ, ಕಲ್ಲು ಸಹ ಇಟ್ಟಿರಲಿಲ್ಲ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಅವನಿಗೆ ಅದು ಕಾಣಲಿಲ್ಲ. ಜನ ಎತ್ತುವಷ್ಟರಲ್ಲಿ ಪ್ರಾಣ ಹೋಗಿತ್ತು.

ಅಯ್ಯ ಹೇಳಿದ್ದು ಸುಳ್ಳಾಗಲಿಲ್ಲ ಎಂದು ಮೊದಲು ಅಂದವಳು ಚಂದಮ್ಮ. ಆಮೇಲೆ ಊರೇ ಅಂದಿತು. ಅಯ್ಯನ ಕಟ್ಟೆಯ ಮುಂದೆ ಬೇರೆ ಊರಿನ ಗಾಡಿಗಳು ನಿಲ್ಲತೊಡಗಿದವು. ರಾಧಿಕಾಗೆ ಜ್ವರ ಬಿಟ್ಟಿತು, ಆದರೆ ಅನ್ನ ಸೇರಲಿಲ್ಲ. ಮುಖ ನೋಡುವ ಆಸೆಗೆ ಬಿದ್ದು ತಾನೇ ಕರೆಸಿ ಕೊಂದೆ ಎಂದು ಒಮ್ಮೆ ಹೇಳಿದಳು, ಆಮೇಲೆ ಮಾತೇ ಬಿಟ್ಟಳು.

ಗುರುಲಿಂಗ ಅಯ್ಯನ ಹತ್ತಿರ ಹೋಗಿ, ಮಗಳ ಮುಂದೆ ನಿಜ ಹೇಳಿಬಿಡಿ ಎಂದು ಬೇಡಿಕೊಂಡ. ಅಯ್ಯ ಅವನನ್ನೇ ನೋಡುತ್ತ ಕೂತಿದ್ದ. ಮೋಸಗಾರನ ಮುಖವಾಗಿರಲಿಲ್ಲ ಅದು, ಹೆದರಿದವನ ಮುಖ.

"ಆ ಮಾತು ನನ್ನ ಬಾಯಾಗ ನೀ ಇಟ್ಟಿ, ಖರೇ ಅದ. ನಿನ್ನ ಬಾಯಾಗ ಯಾರ್ ಇಟ್ರು ಗುರುಲಿಂಗ?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಗುರುಲಿಂಗ ಮರುದಿನ ಮಗಳನ್ನು ಬಸ್ಸು ಹತ್ತಿಸಿ ಶರಣಸಿರಸಗಿಗೆ ಕರೆದೊಯ್ದ. ಇನ್ನೂ ಗಿಲಾವು ಕಾಣದ ಗೋಡೆಯ, ಕಪಿಲ ಎಬ್ಬಿಸಿದ್ದ ಆ ಮನೆಯಲ್ಲಿ ಸಾವಿತ್ರಿಬಾಯಿ ಒಬ್ಬಳೇ ಇದ್ದಳು. ಅವನು ಚಾಪೆಯ ಮೇಲೆ ಕೂರಲಿಲ್ಲ. ನಿಂತುಕೊಂಡೇ, ಅಯ್ಯನ ಮನೆಗೆ ಹೋದದ್ದು, ಯಾವ ಮಾತು ಹೇಳಿಸಿದ್ದು, ಯಾಕೆ ಹೇಳಿಸಿದ್ದು, ದೀಪಾವಳಿಯಲ್ಲಿ ರೊಟ್ಟಿ ಉಂಡು ಹೋಗಿಯೂ ಬಾಯಿ ಬಿಡದೆ ಉಳಿದದ್ದು, ಎಲ್ಲವನ್ನೂ ಹೇಳಿದ.

ರಾಧಿಕಾ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅಳಲಿಲ್ಲ. ಸಾವಿತ್ರಿಬಾಯಿ ಗೋಡೆ ಹಿಡಿದು ಎದ್ದು ನಿಂತಳು.

"ಊರ ಮಂದಿ ಎಲ್ಲಾ ಹಣೆಬರಹ, ಹಣೆಬರಹ ಅಂದ್ರು. ಯಾರ ಮ್ಯಾಲ ಸಿಟ್ಟಾಗ್ಲಿ ಅಂತ ನಂಗ ತಿಳೀದಾಗಿತ್ತು" ಎಂದಳು. "ಈಗ ತಿಳೀತು. ನೀವು ಹೊರಗ ಕೂಡ್ರಿ."

ಅವನು ಹೊರಗೆ ಹೋಗಿ ಜಲ್ಲಿಯ ಗುಡ್ಡೆಯ ಹತ್ತಿರ ಕೂತ. ಒಳಗೆ ಅವಳು ರಾಧಿಕಾಗೆ ಹೇಳುತ್ತಿದ್ದುದು ಅವನಿಗೆ ಕೇಳಿಸುತ್ತಿತ್ತು. "ನಿನ್ನಿಂದ ಏನೂ ಆಗಿಲ್ಲ, ಮಗಳ. ಜ್ವರ ಬಂದಾಕಿನ್ನ ನೋಡಾಕ ಬಂದಿದ್ದ. ಮನಷ್ಯಾ ಆದಂವ ಬರ್ತಾನ. ಏಳು, ಒಂದ್ ತುತ್ತು ಉಣ್ಣು." ಆಮೇಲೆ ತಟ್ಟೆಯ ಸಪ್ಪಳ, ಅದರ ಹಿಂದೆಯೇ ಮಗಳು ಬಿಕ್ಕಿ ಅಳುವ ದನಿ. ಇಷ್ಟು ದಿನ ಅವಳು ಹಾಗೆ ಅತ್ತಿರಲಿಲ್ಲ.

ರಾಧಿಕಾ ಆ ದಿನ ಅಪ್ಪನ ಜೊತೆ ಮರಳಲಿಲ್ಲ. ಸಾವಿತ್ರಿಬಾಯಿಯ ಮನೆಯಲ್ಲೇ ಉಳಿದು, ಕೆಲವು ದಿನಗಳಾದ ಮೇಲೆ ಖೂಬಾ ಪ್ಲಾಟಿನ ಲ್ಯಾಬಿಗೆ ಮತ್ತೆ ಹೋಗತೊಡಗಿದಳು. ತಾಯಿಗೆ ಆಗಾಗ ಫೋನ್ ಮಾಡುತ್ತಾಳೆ. ಅಪ್ಪನನ್ನು ಕೇಳುವುದಿಲ್ಲ.

ಗುರುಲಿಂಗ ಊರಿಗೆ ಬಂದು ಚಂದಮ್ಮನಿಗೂ ಹೇಳಿದ, ಅಣ್ಣತಮ್ಮಂದಿರಿಗೂ ಹೇಳಿದ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆಯೂ ಹೇಳಿದ. ಯಾರೂ ನಂಬಲಿಲ್ಲ. ಮಗಳ ಮೇಲಿನ ಅಪವಾದ ಕಳೆಯಲು ಪಾಪದ ಮನುಷ್ಯ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದು ಮರುಗಿದರು. ಒಬ್ಬ ಅವನ ಬೆನ್ನು ಸವರಿ, "ದೈವದ ಮುಂದ ನಿಂದೇನದ, ನಂದೇನದ" ಎಂದು ಚಹಾ ಹೇಳಿದ. ಗುರುಲಿಂಗ ಕಪ್ಪು ಹಿಡಿದುಕೊಂಡು ಕೂತ. ಎದುರಿನ ರಸ್ತೆಯಲ್ಲಿ ಹುಮನಾಬಾದ್ ಕಡೆಯ ಒಂದು ಕಾರು ನಿಂತಿತು. ಒಳಗಿದ್ದವರು ಕಿಟಕಿ ಇಳಿಸಿ, ಅಯ್ಯನವರ ಮನೆ ಎಲ್ಲಿ ಎಂದು ಅವನನ್ನೇ ಕೇಳಿದರು.