ಒರೆಸಣ್ಣ

ನಮ್ಮ ನೂಲಿನ ಗಿರಣಿಯಲ್ಲಿ ಒಂದು ಬೈಗುಳವಿದೆ: ಒರೆಸಣ್ಣ. ಮೇಲಿನವರ ಮುಂದೆ ಹಲ್ಲುಗಿಂಜುತ್ತ, ಅವರು ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ ಎನ್ನುವವನು ಎಂದು ಅರ್ಥ. ಹೆಂಗಸಾದರೆ ಒರೆಸಮ್ಮ. ಮೇಜು ಒರೆಸುವುದರಿಂದ ಬಂದಿರಬೇಕು ಎಂದುಕೊಂಡು ಮೂರು ವರ್ಷ ನಾನೂ ಅದನ್ನು ಬಾಯಿತುಂಬ ಬಳಸಿದೆ. ನನಗೆ ಬಾಯಿಬಡುಕಿ ಎಂದೇ ಹೆಸರು, ಇರಲಿ ಬಿಡಿ. ಹಳಬರು ಮಾತ್ರ ನನ್ನ ಬಾಯಲ್ಲಿ ಆ ಮಾತು ಬಂದರೆ ಮುಖ ತಿರುಗಿಸುತ್ತಿದ್ದರು.

ಕಳೆದ ವಾರ ಅರಳೆ ಹಿಂಜುವ ಯಂತ್ರಕ್ಕೆ ಸಿಕ್ಕಿ ಅಕ್ಕಯ್ಯನ ಎರಡು ಬೆರಳು ಹೋದವು. ನನಗೆ ಕೆಲಸ ಕಲಿಸಿದವಳು ಅವಳು. ಯಂತ್ರದ ಮುಚ್ಚಳ ಮುರಿದು ಎರಡು ತಿಂಗಳಾಗಿತ್ತು, ನಾವಿಬ್ಬರೂ ಹೇಳಿ ಹೇಳಿ ಸಾಕಾಗಿತ್ತು. ಮ್ಯಾನೇಜರು ನನ್ನನ್ನು ಕರೆದು ಕಾಗದವೊಂದನ್ನು ಕೊಟ್ಟರು. ಮುಚ್ಚಳ ಸರಿಯಾಗಿತ್ತು, ಆಕೆಯೇ ಎಚ್ಚರ ತಪ್ಪಿ ಕೈ ಹಾಕಿದಳು ಎಂದಿತ್ತು.

"ನಾಳೆ ಸಹಿ ಹಾಕಿ ತಗೊಂಡ್ಬಾ. ನಿನ್ನ ಕೆಲಸ ಖಾಯಂ ಆಗೋ ಪಟ್ಟಿ ನನ್ನ ಕೈಯಲ್ಲೇ ಇದೆ."

ಸಂಜೆ ಅಪ್ಪನ ಮುಂದೆ ಕಾಗದ ಎಸೆದೆ. "ನೋಡಪ್ಪ! ನಾನೇನು ಒರೆಸಮ್ಮಾನಾ?"

ಬೈದೆನೇ ಹೊರತು ಕಾಗದವನ್ನು ಹರಿದಿರಲಿಲ್ಲ. ಅದು ಅಪ್ಪನಿಗೆ ಕಂಡಿತು. ಈರುಳ್ಳಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು.

"ಆ ಮಾತು ಎಲ್ಲಿಂದ ಬಂತು, ಗೊತ್ತೇನೇ?"

"ಎಲ್ಲಿಂದಾದ್ರೂ ಬರ್ಲಿ."

"ನನ್ನಿಂದ ಬಂತು."

ನಾನು ಹುಟ್ಟಿದ ವರ್ಷ ಅದೇ ಗಿರಣಿಯಲ್ಲಿ ಅಪ್ಪನ ಗೆಳೆಯನ ಕೈ ಯಂತ್ರಕ್ಕೆ ಸಿಕ್ಕಿತಂತೆ. ಇಂಥದ್ದೇ ಕಾಗದ. ಇದೇ ಮ್ಯಾನೇಜರು, ಆಗಿನ್ನೂ ಮೇಸ್ತ್ರಿ. ಅಪ್ಪ ಸಹಿ ಹಾಕಿದರು. ಮೇಸ್ತ್ರಿಯ ಕನ್ನಡಕದ ಮೇಲೆ ಅರಳೆ ಧೂಳು ಕೂತು ಆತನಿಗೆ ಸಹಿ ಕಾಣಲಿಲ್ಲ. ಅಪ್ಪ ಆ ಕನ್ನಡಕ ಇಸಿದುಕೊಂಡು ತಮ್ಮ ಅಂಗಿಯಂಚಿನಿಂದ ಒರೆಸಿ ಕೊಟ್ಟರು. ಎಲ್ಲರೂ ನೋಡುತ್ತಿದ್ದರು.

"ಸಹಿ ಹಾಕಿದ್ದು ಹೆದರಿಕೆಗೆ, ಮನೇಲಿ ನೀನು ಕೂಸು. ಆದ್ರೆ ಒರೆಸು ಅಂತ ಯಾರೂ ಹೇಳಿರ್ಲಿಲ್ಲ ಕಣೇ. ಕೈ ತಾನಾಗೇ ಹೋಯ್ತು."

ಅಯ್ಯೋ, ಮೂರು ವರ್ಷ ಊಟಕ್ಕೆ ಕೂತಾಗೆಲ್ಲ ಆ ಮಾತಾಡಿ ಇವರೆದುರೇ ನಕ್ಕಿದ್ದೆ. ಇವರೂ ನಕ್ಕಿದ್ದರು. ಅಂದು ರಾತ್ರಿ ಆ ಕಾಗದದ ಹಿಂಬದಿಗೆ ನಾನೇ ನಾಲ್ಕು ಸಾಲು ಬರೆದೆ.

ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು, ಪಾಳಿ ಬದಲಾಗುವ ಹೊತ್ತು, ಹೊರಗೆ ಜನ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು.

"ಏನೇನೋ ಬರೆದಿದೀಯಲ್ಲ, ಕಾಣ್ತಾನೇ ಇಲ್ಲ," ಎಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಗಾಜಿನ ತುಂಬ ಧೂಳು. ಸುಳ್ಳೇಕೆ ಹೇಳಲಿ, ನನ್ನ ಬೆರಳುಗಳು ಆಗಲೇ ದುಪಟ್ಟಾದ ಅಂಚು ಹಿಡಿದಿದ್ದವು. ಬಿಟ್ಟೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ನಾನೇ ಹೇಳ್ತೀನಿ ಸಾರ್," ಎಂದು ಬರೆದದ್ದನ್ನು ಹೊರಗಿನವರಿಗೂ ಕೇಳುವಂತೆ ಹೇಳಿದೆ. "ಮುಚ್ಚಳ ಎರಡು ತಿಂಗಳಿಂದ ಮುರಿದಿತ್ತು. ನಾವಿಬ್ಬರೂ ತಿಳಿಸಿದ್ದೆವು. ಅಕ್ಕಯ್ಯನ ತಪ್ಪಿಲ್ಲ."

ಅವರ ಮುಖ ಕಪ್ಪಿಟ್ಟಿತು. "ನಿಮ್ಮಪ್ಪನ ಮಗಳು ಅಂದ್ಕೊಂಡಿದ್ದೆ."

"ಹೌದು ಸಾರ್. ಅವರ ಮಗಳೇ."

ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅಪ್ಪನಿಗೆ ಹೇಳಿದೆ. ಅವರು ನನ್ನ ತಟ್ಟೆಗೆ ಅನ್ನ ಬಡಿಸಿದರು. ತಲೆಯೆತ್ತದೆಯೇ ಕೇಳಿದರು.

"ಅಲ್ಲಿ ಇನ್ನೂ ಆ ಮಾತು ಆಡ್ತಾರಾ?"

"ಆಡ್ತಾರಪ್ಪ," ಎಂದೆ.